ಹನ್ನೆರಡರ ತಾಟು

ಈ ಸಲದ ಚಂಪಾಷಷ್ಠಿಗೆ ಮೈಲಾರದೇವರ ತಾಟನ್ನು ಕಂಪ್ಯೂಟರಿನಲ್ಲೇ ಹುಟ್ಟಿಸಿ, ಅಕ್ಕಲಕೋಟದ ವರ್ಕ್‌ಶಾಪಿಗೆ ಇಂಟರ್‌ನೆಟ್ಟಿನಲ್ಲೇ ಕಳಿಸಿ, ಕುರ್ಚಿ ಬಿಟ್ಟೇಳದೆ ಮಾಡಿಸಿ ತೋರಿಸುತ್ತೇನೆಂದು ಗುರುಸಿದ್ಧ ಪಣ ತೊಟ್ಟ. ಸೋಲಾಪುರದ ವಿಜಾಪುರ ರಸ್ತೆಯಲ್ಲಿ ಗೇಟು, ಗ್ರಿಲ್ಲುಗಳ ನಕ್ಷೆ ತೆಗೆಯುವ ಮಹಾಶಯ ಅವನು. ಗೇಟು ಮಾಡಿದವನಿಗೆ ತಾಟು ಯಾವ ಲೆಕ್ಕ!

ಪಣಕ್ಕೆ ಕಾರಣವಿತ್ತು. ಇಷ್ಟು ವರ್ಷ ಮಂದ್ರೂಪದಲ್ಲಿ ಅಣ್ಣ ಮೈಲಾರಲಿಂಗನ ಮನೆಯಲ್ಲಿ ನಡೆಯುತ್ತಿದ್ದ ಪೂಜೆಯನ್ನು ಅಪ್ಪ ಮರೆಪ್ಪ ಮೊದಲ ಸಲ ಕಿರಿಮಗನಿಗೆ ಬಿಟ್ಟುಕೊಟ್ಟಿದ್ದ. ಭಂಡಾರವೆಂಬ ಅರಿಶಿನಪುಡಿ, ಕೊಬ್ಬರಿ ತುಂಬಿದ ಹಿತ್ತಾಳೆ ತಾಟಿಗೆ ಐವರು ಗಂಡಸರು ಕೈ ಹಚ್ಚಿ, ಏಳುಕೋಟಿ ಎಂದು ಜೈಕಾರ ಹಾಕುತ್ತ ಮೇಲೆತ್ತಬೇಕು. ಆದರೆ ಅಂಚಿನಲ್ಲಿ ಕುದುರೆ, ನಾಯಿ ಕೆತ್ತಿದ್ದ, ಮಂದ್ರೂಪದಿಂದ ತಂದಿಟ್ಟುಕೊಂಡ ಆ ಹಳೆಯ ತಾಟು ಬಿರುಕು ಬಿಟ್ಟಿತ್ತು. ಅಂಥದ್ದು ಯಾವ ಅಂಗಡಿಯಲ್ಲೂ ಸಿಗದು.

"ಒಡದ ತಾಟು ದೇವ್ರ ಮುಂದ ಎತ್ತಂಗಿಲ್ಲ. ಹೊಸಾದು ಆಗಲಿಲ್ಲಂದ್ರ ಪೂಜಿ ನಿಮ್ಮಣ್ಣನ ಮನ್ಯಾಗ ಮಾಡೂಣು," ಎಂದು ಮರೆಪ್ಪ ಫೋನಿನಲ್ಲೇ ಷರತ್ತು ಹಾಕಿದ್ದ.

ಮೂರು ದಿನ ಕೂತು ಗುರುಸಿದ್ಧ ಹನ್ನೆರಡು ಇಂಚಿನ ತಾಟು ಬರೆದ. ಯಾವ ನಮೂನೆಯ ಫೈಲಿನಲ್ಲಿ ಕಳಿಸಬೇಕೆಂಬುದರ ಮೇಲೆ ಹೆಂಡತಿಗೊಂದು ಉಪನ್ಯಾಸವೂ ಆಯಿತು. ಸ್ಟೆಪ್ ಫೈಲು ಎಲ್ಲರ ಹತ್ತಿರ ತೆರೆಯದು. ಎಸ್‌ಟಿಎಲ್ ಆದರೆ ಯಾವ ಕಂಪ್ಯೂಟರಾದರೂ ಕಣ್ಣುಮುಚ್ಚಿ ನುಂಗುತ್ತದೆ. ಮನೆಯಲ್ಲೇ ಬ್ಲೌಸು ಹೊಲಿಯುವ ದೀಪಾಲಿ ಕೊರಳಿಗೆ ಟೇಪು ಹಾಕಿಕೊಂಡು ಎಲ್ಲವನ್ನೂ ಕೇಳಿದಳು.

"ಅಳತಿ ಬರದ್ರೇನ್ರಿ?"

"ಅಳತಿ ಫೈಲಿನ್ಯಾಗ ಇರ್ತೈತಿ. ಇದು ಬ್ಲೌಸ್ ಅಲ್ಲ."

ಎಸ್‌ಟಿಎಲ್ ಫೈಲೇ ಹೋಯಿತು. ಪಾರ್ಸೆಲ್ಲು ಅಕ್ಕಲಕೋಟದ ಬಸ್ಸಿನಲ್ಲಿ ಬಂತು. ಕಂಡಕ್ಟರು ಅದನ್ನು ತನ್ನ ಅಂಗಿಯ ಜೇಬಿನಿಂದ ತೆಗೆದುಕೊಟ್ಟ! ಒಳಗೆ ಅಂಗಿಯ ಗುಂಡಿಯಷ್ಟು ತಾಟು. ಕುದುರೆಗಳು ಕಾಣಬೇಕಾದರೆ ಭೂತಗನ್ನಡಿ ಹಿಡಿಯಬೇಕು.

ಫೋನು ಮಾಡಿದರೆ ಅಕ್ಕಲಕೋಟದ ವರ್ಕ್‌ಶಾಪಿನ ಧೂಳಪ್ಪ ತಣ್ಣಗಿದ್ದ. ಎಸ್‌ಟಿಎಲ್‌ನಲ್ಲಿ ಬರೀ ಹನ್ನೆರಡು ಅಂತ ಇರುತ್ತದಂತೆ, ಇಂಚೋ ಮಿಲಿಮೀಟರೋ ಅದು ಹೇಳುವುದಿಲ್ಲವಂತೆ. ಅವನ ಮಷೀನು ಮಿಲಿಮೀಟರು ಎಂದುಕೊಂಡಿತಂತೆ.

"ನನಗೂ ತುಸು ಸಣ್ಣದ ಅನಿಸ್ತ್ರಿ. ಸೋಲಾಪುರದಾಗ ಮನಿ ಸಣ್ಣಾವು, ದೇವ್ರ ಜಗಲಿನೂ ಸಣ್ಣದಿರಬೇಕು ಅಂದ್ಕೊಂಡ್ನಿ," ಎಂದ.

ದೀಪಾಲಿ ತಾಟನ್ನು ಅಂಗೈ ಮೇಲಿಟ್ಟುಕೊಂಡು ನೋಡಿದಳು. "ಐದು ಮಂದಿ ಇದನ್ನ ಉಗುರಿಲೆ ಎತ್ತೋರೇನ್ರಿ?"

ಗುರುಸಿದ್ಧನಿಗೆ ನಗು ಬರಲಿಲ್ಲ. ಹಬ್ಬಕ್ಕೆ ನಾಲ್ಕೇ ದಿನ. ಪೂಜೆ ಮಂದ್ರೂಪಕ್ಕೆ ವಾಪಸು ಹೋದರೆ ಅಣ್ಣನ ಮುಂದೆ ಮುಖ ಎತ್ತುವಂತಿರಲಿಲ್ಲ. ಅದೇ ತಾಟನ್ನು ಈಗ ಸ್ಟೆಪ್ ಫೈಲಿನಲ್ಲಿ ಕಳಿಸಿದ. ಅದರಲ್ಲಿ ಅಳತೆಯ ಜೊತೆ ಇಂಚೂ ಇರುತ್ತದೆ, ಇನ್ನು ತಪ್ಪಲು ಸಾಧ್ಯವೇ ಇಲ್ಲ ಎಂದು ಹೆಂಡತಿಗೆ ಎರಡನೇ ಉಪನ್ಯಾಸ ಕೊಟ್ಟ. ಅವಳು ಕೊರಳಿನ ಟೇಪು ಸರಿಮಾಡಿಕೊಂಡು ಒಳಗೆ ಹೋದಳು.

ಚಂಪಾಷಷ್ಠಿಯ ಬೆಳಿಗ್ಗೆ ಮರೆಪ್ಪ, ಮೈಲಾರಲಿಂಗ ಬಂದು ಕೂತರು. ತಾಟು ಮಾತ್ರ ಇಲ್ಲ. ಮರೆಪ್ಪ ಎರಡು ಸಲ ಜಗಲಿ ನೋಡಿದ, ಒಂದು ಸಲ ಮಗನನ್ನು ನೋಡಿದ. ಅಷ್ಟರಲ್ಲಿ ಪೇಪರಿನಲ್ಲಿ ಸುತ್ತಿದ ತಾಟನ್ನು ಕಂಕುಳಲ್ಲಿಟ್ಟುಕೊಂಡು ಖುದ್ದು ಧೂಳಪ್ಪನೇ ಬಾಗಿಲಿಗೆ ಬಂದ. ಬಂಗಾರದಂತೆ ಹೊಳೆಯುವ, ಅಚ್ಚುಕಟ್ಟು ಹನ್ನೆರಡು ಇಂಚಿನ ತಾಟು! ಅಪ್ಪ, ಅಣ್ಣ, ತಾನು, ಪಕ್ಕದ ಮನೆಯ ಸಿದ್ದಣ್ಣ, ಐದನೆಯವನಾಗಿ ಧೂಳಪ್ಪ. ಏಳುಕೋಟಿ ಎನ್ನುತ್ತ ಎತ್ತಿದ್ದೇ ತಡ, ಮನೆಯೆಲ್ಲ ಭಂಡಾರ.

ಗುರುಸಿದ್ಧನ ಎದೆ ಉಬ್ಬಿತು. "ನೋಡಪ್ಪಾ, ಸ್ಟೆಪ್ ಫೈಲ್ ಅಂದ್ರ ಇದು."

ಧೂಳಪ್ಪ ಕೊಬ್ಬರಿ ಅಗಿಯುತ್ತ ಅಂದ: "ಅದು ನನ್ನ ಕಂಪ್ಯೂಟರಿನ್ಯಾಗ ತೆರೀಲೇ ಇಲ್ರಿ. ವೈನಿ ಹಳೇ ತಾಟಿನ ಮ್ಯಾಲ ಟೇಪ್ ಇಟ್ಟು ಫೋಟೋ ಕಳಿಸಿದ್ರಲ್ಲ, ಅದನ್ನ ನೋಡಿ ಮೊದಲಿನ ಫೈಲನ್ನ ಅಷ್ಟಕ್ಕ ಹಿಗ್ಗಿಸಿದ್ನಿ."

ಎಲ್ಲರೂ ದೀಪಾಲಿಯನ್ನು ನೋಡಿದರು. ಅವಳು ಕೊರಳಿನ ಟೇಪು ತೆಗೆದು ಮಡಚಿಡುತ್ತಿದ್ದಳು.

ಮರೆಪ್ಪ ಹಣೆಯ ಭಂಡಾರ ಒರೆಸಿಕೊಂಡು ತೀರ್ಪು ಕೊಟ್ಟ: "ಬರೂ ವರ್ಷನೂ ಪೂಜಿ ಇಲ್ಲೇ ಆಗ್ಲಿ. ಏನೇನು ಬೇಕು, ಎಷ್ಟೆಷ್ಟು ಬೇಕು, ಸೊಸಿ ನೋಡ್ಕೋತಾಳ. ನೀ ಬರೇ ತಾಟಿಗಿ ಕೈ ಹಚ್ಚು."