ಹಿತ್ತಲ ತೊಟ್ಟಿಯ ಸಮುದ್ರ

ಇಗೋ, ಇವರು ಮತ್ತೆ ಕರೆದರು! ನಾಲ್ಕು ಸಾಲು ಬರೆಯಲಿಕ್ಕೂ ಈ ಮನೆಯಲ್ಲಿ ಬಿಡುವುದಿಲ್ಲ. ನನ್ನ ಗಂಡ ಎಂಜಿನಿಯರ್. ಸಮುದ್ರದ ನಡುವೆ ನೌಕಾಪಡೆಯ ಹೆಲಿಕಾಪ್ಟರ್ ಇಳಿಯಲು ಅಲುಗಾಡದ ತೇಲುಕಟ್ಟೆ ಬೇಕಂತೆ. ಅದರ ವಿನ್ಯಾಸವನ್ನು ಇವರು ರೋಣದ ಮನೆಯಲ್ಲೇ ಕೂತು ಮಾಡುತ್ತಾರೆ. ರೋಣಕ್ಕೆ ಸಮುದ್ರ ಎಲ್ಲಿಂದ ಬರಬೇಕು? ಹಿತ್ತಲ ತೊಟ್ಟಿಯೇ ಸಮುದ್ರ. ಅದರಲ್ಲಿ ತೇಲುಕಟ್ಟೆಯ ಪುಟ್ಟ ಮಾದರಿ ಅಲುಗದೆ ತೇಲಿದರೆ ನೌಕರಿ ಕಾಯಂ, ಇಲ್ಲದಿದ್ದರೆ ಇಲ್ಲ. ಹೀಗಾಗಿ ನಮ್ಮಲ್ಲಿ ದಿನಾ ಒಂದಿಲ್ಲೊಂದು ನಡೆದೇ ಇರುತ್ತದೆ.

ಸಿಟ್ಟಿನ ಅಲೆ

ರೊಟ್ಟಿ ಬಡಿಯುತ್ತಿದ್ದೆ. ಮಗಳು ಬೆನ್ನಿಗೆ ಜೋತುಬಿದ್ದಿದ್ದಳು. ಹಿತ್ತಲಿಂದ ಇವರು ಕೂಗಿದರು.

"ಲಗೂ ಬಾ, ಅಲಿ ಎಬ್ಬಸಬೇಕು!"

ಹಿಟ್ಟಿನ ಕೈಯಲ್ಲೇ ಹೋಗಿ ತಾಟಿನಿಂದ ತೊಟ್ಟಿಯ ನೀರು ತಳ್ಳಿದೆ.

"ಇದು ಕೆರಿ ಅಲಿ ಆತು. ಸಮುದ್ರಕ್ಕ ಸಿಟ್ಟಿರತೈತಿ. ಸಿಟ್ಟಿನ ಅಲಿ ಬೇಕು."

"ಹಂಗಾರ ಇನ್ನೊಂದೀಟು ಮಾತಾಡ್ರಿ, ತಾನ ಬರತೈತಿ."

ಮಾತಾಡಿದರು. ಆಮೇಲಿನ ಅಲೆಗೆ ಎಂಜಿನಿಯರರೇ ತೊಯ್ದರು.

ಮೂಡಲ ಕಾಯಿ

ಗಂಗಾಪೂಜೆ ಆಗದೆ ಯಾವುದೂ ನೀರಿಗಿಳಿಯಬಾರದೆಂದು ಅತ್ತೆಯ ಹಟ. ಹೊಸ ಮಾದರಿಯ ಮೂಡಲ ಅಂಚಿಗೆ ತೆಂಗಿನಕಾಯಿ ಇಟ್ಟರು. ಕಟ್ಟೆ ಮಗುಚಿತು. ಕಾಯಿ ಮಾತ್ರ ಚಂದ ತೇಲಿತು.

"ಯವ್ವಾ, ನಡುವ ಇಡಬೇಕವಾ!"

"ದೇವ್ರು ಮೂಡಲಕ್ಕ ಇರಬೇಕು. ನೌಕಾಪಡಿಯವ್ರು ಕಾಯಿ ಒಡಿಯಂಗಿಲ್ಲೇನೋ?"

ಇವರು ಚಿಂತೆಗೆ ಬಿದ್ದರು. ಸಂಜೆ ಕಂಪ್ಯೂಟರಿನಲ್ಲಿ ನೋಡುತ್ತೇನೆ, ಹೆಲಿಕಾಪ್ಟರ್ ಇಳಿಯುವ ದೊಡ್ಡ ವೃತ್ತದ ಪಕ್ಕ ಒಂದು ಸಣ್ಣ ವೃತ್ತ. ಕಾಯಿಗಂತೆ!

ಪರೀಕ್ಷೆ

ದೊಡ್ಡ ಸಾಹೇಬರು ವಿಡಿಯೋ ಕಾಲ್‌ನಲ್ಲಿ ನೋಡುವ ದಿನ ಬಂತು. ವಾಲಬಾರದೆಂದು ಈ ಸಲ ಕಟ್ಟೆಯ ಕೆಳಗೆ ಕಬ್ಬಿಣದ ಉದ್ದ ಕಾಲು ಜೋಡಿಸಿದ್ದರು. ನಮ್ಮವರು ಇಸ್ತ್ರಿ ಅಂಗಿ ತೊಟ್ಟು ಫೋನ್ ಹಿಡಿದರು, ನಾನು ತಾಟು ಹಿಡಿದೆ. ಎಷ್ಟು ಅಲೆ ಎಬ್ಬಿಸಿದರೂ ಕಟ್ಟೆ ಕೂದಲೆಳೆಯಷ್ಟೂ ಅಲುಗಲಿಲ್ಲ.

"ನೋಡ್ರಿ ಸರ್, ಗುಡ್ಡ ನಿಂತಂಗ ನಿಂತೈತಿ!" ಎಂದು ಇವರು ಉಬ್ಬಿದರು.

ನಾನು ಬಗ್ಗಿ ನೋಡಿದೆ. ಅವತ್ತು ನಳದಲ್ಲಿ ನೀರು ಬಂದಿರಲಿಲ್ಲ. ಅತ್ತೆ ಎಮ್ಮೆಯ ಮೈ ತೊಳೆದು ಅರ್ಧ ತೊಟ್ಟಿ ಖಾಲಿ ಮಾಡಿದ್ದರು. ಕಟ್ಟೆಯ ಕಾಲುಗಳು ತೊಟ್ಟಿಯ ತಳಕ್ಕೆ ಊರಿದ್ದವು.

ಸಾಹೇಬರೂ ನಮ್ಮ ಕಡೆಯವರೇ. ನಮ್ಮವರನ್ನು ಬಿಟ್ಟು ನನ್ನನ್ನೇ ಕೇಳಿದರು.

"ಅಕ್ಕಾರ, ಇವ್ರಂತೂ ಚಲೋನ ಹೇಳ್ತಾರ. ನೀವು ನೀರಿನ ಬಾಜೂಕ ಅದೀರಿ. ಖರೇ ಹೇಳ್ರಿ, ಇದು ತೇಲಾಕತ್ತೈತೋ, ಕುಂತೈತೋ?"