ಕಚೇರಿಗೆ ಬಂದ ಮನಿಮಾತು

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆ ಸರಕಾರಿ ನೌಕರಿ ಮಾಡೀನಿ. ನಗೂವಂಥದ್ದು ನಡೀದ ಕಚೇರಿ ಒಂದೂ ಕಂಡಿಲ್ಲ. ಈಗ ಹೇಳೋದು ಯಾವ ಊರಾಗ ನಡೀತು ಅಂತ ಮಾತ್ರ ಕೇಳಬ್ಯಾಡ್ರಿ, ಆ ಮಂದಿ ಇನ್ನೂ ಅದಾರ.

ನಿಜಾಮರ ಆಳ್ವಿಕಿ ಹೋದ ಹೊಸದು. ಅಲ್ಲೀತನಾ ಉರ್ದುವಿನಾಗ ನಡೀತಿದ್ದ ನಮ್ಮ ಕಚೇರಿ ಇನ್ನ ಕನ್ನಡದಾಗ ನಡೀಬೇಕು ಅಂತ ಹುಕುಂ ಬಂತು. ತಪಾಸಣಿಗೆ ರಾಯಚೂರಿಂದ ದೊಡ್ಡ ಸಾಹೇಬ್ರು ಬರೋರಿದ್ರು. ಅಷ್ಟರಾಗ ಕಚೇರಿ ಕೆಲಸ ಕನ್ನಡದಾಗ ಮಾಡಾಕ ಕಲೀದಿದ್ರ ನಮ್ಮ ಜಾಗಾಕ್ಕ ಧಾರವಾಡದ ಕಡೆಯವರನ್ನ ತರತಾರ ಅಂತ ಸುದ್ದಿ. ನಾ ಸಾಹೇಬ್ರ ಮುಂದ ಕಾಗದಪತ್ರ ಇಡೋ ಪೇಶ್ಕಾರ, ಎಲ್ಲಾರಿಗೂ ಹಿರಿಯವ. ಒಬ್ಬರ ನೌಕರೀನೂ ಹೋಗಗೊಡಂಗಿಲ್ಲ ಅಂತ ಹಟಾ ಹಿಡದು, ದಿನಾ ಸಂಜಿಕ ಕಚೇರಿಯಾಗೇ ಶಾಲಿ ಸುರು ಮಾಡಿದೆ.

ಚಪರಾಸಿಯ ಕೂಗು

ನಮ್ಮ ಚಪರಾಸಿ ಭಾರೀ ಆಳು. "ಹಾಜಿರ್ ಹೈ?" ಅಂತ ಉರ್ದುವಿನಾಗ ಕೂಗಿದ್ರ ಹೊರಗ ಕಟ್ಟಿದ ಎತ್ತು ಬೆದರತಿದ್ದವು. ಕನ್ನಡದಾಗ ಕೂಗಪಾ ಅಂದ್ರ, ಕಕ್ಷಿದಾರನ ಕಿವಿತನಾ ಹೋಗಿ "ಬರ್ರಿ, ಕರ್ಯಾಕತ್ತಾರ" ಅಂತ ಪಿಸುಗುಟ್ಟಿದ.

"ಯಾಕಲೇ, ಗಂಟಲು ಬಿದ್ದೈತೇನು?"

"ಹೆಂಡ್ತಿ ಕೂಡ ಆಡೋ ಮಾತು ರೀ. ಮಂದಿ ಮುಂದ ಒದರಾಕ ನಾಚಿಕಿ ಬರತೈತಿ."

"ಎಮ್ಮಿ ತಪ್ಪಿಸಿಕೊಂಡ್ರ ಒದರತಿಯಲ್ಲ, ಹಂಗ ಒದರು."

ಮರುದಿನ ಒದರಿದ ನೋಡ್ರಿ! "ತುರ್ವಿಹಾಳದ ಗೌಡ್ರ! ಎಲ್ಲಿ ಮೇಯಾಕ ಹೋಗೀರಿ? ಬರ್ರಿ ಒಳಗ!"

ಗೌಡ್ರು ಬಂದ್ರು. ಕೆಂಡಾಮಂಡಲ ಆಗೇ ಬಂದ್ರು. ಆದ್ರ ಬಂದ್ರು.

ಗುಮಾಸ್ತನ ಧೈರ್ಯ

ಗುಮಾಸ್ತಗ ಬರವಣಿಗಿ ಬಂತು, ಮ್ಯಾಲಿನವರ ಮುಂದ ಬಾಯೇ ಬರಲಿಲ್ಲ. ನಾ ಸಾಹೇಬನಂಗ ಕುರ್ಚಿ ಮ್ಯಾಲೆ ಕುಂತು, "ದಢೇಸುಗೂರಿನ ಅರ್ಜಿ ಏನಾತು?" ಅಂದ್ರ ಅದೇ ಅರ್ಜಿಲೆ ಮಾರಿ ಮುಚ್ಚಿಕೊಂಡ. ಅವನ್ನೇ ಕುರ್ಚಿ ಮ್ಯಾಲೆ ಕುಂಡರಿಸಿ, ನೀ ಸಾಹೇಬ, ನಾ ಗುಮಾಸ್ತ ಅಂದೆ. ದಿನಾ ಹಿಂಗ ಮಾಡಿದ್ವಿ.

ಒಂದಿನ ಅಂವ ಮೇಜು ಗುದ್ದಿ, "ಎದ್ದು ನಿಂತು ಮಾತಾಡಲೇ!" ಅಂದ.

ಸುಡುಗಾಡು, ನಾ ಎದ್ದು ನಿಂತುಬಿಟ್ಟೆ!

ಸಾಹೇಬ್ರು ಬಂದ್ರು

ತಪಾಸಣಿ ದಿನಾ ಬಂತು. ಸಾಹೇಬ್ರು ಕೇಳಿದ್ದಕ್ಕೆಲ್ಲ ಗುಮಾಸ್ತ ಕನ್ನಡದಾಗ ಪಟಪಟ ಜವಾಬು ಕೊಟ್ಟ. ನನಗ ಕಣ್ಣಾಗ ನೀರೇ ಬಂದ್ವು. ಆದ್ರ ಕೇಳೋ ಸಾಹೇಬ್ರು ಉರ್ದುವಿನಾಗೇ ಕೇಳಾಕತ್ತಿದ್ರು! ಅವರೂ ನಮ್ಮ ಸೀಮಿಯವರೇ, ಮನಿಯಾಗ ಕನ್ನಡಾನೇ. ತಮಗೇ ಗೊತ್ತಾಗಿ, "ನೀವು... ಈ..." ಅಂತ ಕನ್ನಡದಾಗ ಸುರು ಮಾಡಿ ಅಲ್ಲೇ ನಿಂತ್ರು. ಯಾರೂ ನಗದಂಗ ಮಾಡಪಾ ಶಿವನೇ ಅಂತ ಬೇಡಿಕೊಂಡೆ.

ಬಾಗಿಲದಾಗಿದ್ದ ಚಪರಾಸಿ ಸೀದಾ ಮುಂದ ಬಂದ. "ನಾಚಬ್ಯಾಡ್ರಿ ಸಾಹೇಬ್ರ, ಮೊದಲ ನನಗೂ ಹಿಂಗ ಆಗತಿತ್ತು. ಸಂಜಿಕ ನಮ್ಮ ಶಾಲಿಗೆ ಬರ್ರಿ."

ಮುಗೀತು ನಮ್ಮ ಅನ್ನದ ಕಥಿ ಅಂದುಕೊಂಡೆ. ಸಾಹೇಬ್ರು ಚಪರಾಸಿ ಮಾರಿ ನೋಡಿದ್ರು, ನನ್ನ ಮಾರಿ ನೋಡಿದ್ರು. "ಎಲ್ಲಾರೂ ಇಲ್ಲೇ ಇರ್ರಿ, ಯಾರನ್ನೂ ತಗಿಯಂಗಿಲ್ಲ" ಅಂತ ಉರ್ದುವಿನಾಗೇ ಅಂದ್ರು. ಆಮ್ಯಾಲೆ ಚಪರಾಸಿ ಕಡೆ ಬಗ್ಗಿ, ಸಣ್ಣ ದನಿಲೆ ಕನ್ನಡದಾಗ ಕೇಳಿದ್ರು:

"ಎಷ್ಟೊತ್ತಿಗಪಾ ಶಾಲಿ?"