ಇರುವೆಯೂ ನುಸುಳದ ಪೆಟ್ಟಿಗೆ

ಒಂದು ವಸ್ತುವನ್ನು ಭದ್ರವಾಗಿ ಇಡುವುದು ಹೇಗೆ ಎಂದು ಹಾಸನ ಸೀಮೆಯಲ್ಲಿ ನನ್ನಷ್ಟು ಆಳವಾಗಿ ಚಿಂತಿಸಿದವರು ಆ ಕಾಲದಲ್ಲಿ ಇನ್ನೊಬ್ಬರಿರಲಿಲ್ಲ. ಇದು ಜಂಬವಲ್ಲ. ನನಗೆ ಮರೆವು ಜಾಸ್ತಿ. ಚಿಂತಿಸದೆ ವಿಧಿಯಿರಲಿಲ್ಲ!

ಮೈಸೂರಿನಲ್ಲಿ ಬಿ.ಎಸ್‌ಸಿ. ಮುಗಿಸಿ ಬಂದು, ಅರಕಲಗೂಡಿನಲ್ಲಿ ಸಾಬೂನು ತಯಾರಿಸಲು ಹೊರಟು, ಅದು ನೊರೆ ಬರುವ ಮೊದಲೇ ಕೈಬಿಟ್ಟು, ಚನ್ನರಾಯಪಟ್ಟಣದ ಶಾಲೆಯೊಂದರಲ್ಲಿ ಕೆಲಕಾಲ ವಿಜ್ಞಾನ ಹೇಳಿ, ಅದನ್ನೂ ಬಿಟ್ಟು, ಹೊಳೆನರಸೀಪುರದ ಮಾವನ ಮನೆಯ ಜಗುಲಿಯ ಮೇಲೆ ಕುಳಿತು ಮುಂದೇನು ಎಂದು ಯೋಚಿಸುತ್ತಿದ್ದೆ. ವಿಶ್ವವಿದ್ಯಾನಿಲಯ ನನಗೆ ಕಲಿಸಿದ್ದು ಒಂದೇ ಮಾತು: ಸಾಕ್ಷಿಯಿಲ್ಲದೆ ಏನನ್ನೂ ನಂಬಬಾರದು. ಆ ನಿಯಮವನ್ನು ನಾನು ನನ್ನ ನೆನಪಿಗೂ ಅನ್ವಯಿಸಿಕೊಂಡಿದ್ದೆ. ಈ ಬರಹವನ್ನು ಸಹ ನನ್ನ ಹೆಂಡತಿ ಪಾರ್ವತಿ ಓದಿ, ಅಲ್ಲಲ್ಲಿ ತಿದ್ದಿ, ಮೂರು ಕಡೆ ನಕ್ಕಿದ್ದಾಳೆ. ಅವಳು ನಕ್ಕ ಜಾಗಗಳಲ್ಲಿ ನಾನು ಗಂಭೀರವಾಗಿದ್ದೆ.

ಮಾವ ಮಲ್ಲಪ್ಪನವರದು ರಾಗಿ ಬೀಸುವ ಮಿಲ್ಲು. ಯುದ್ಧದ ದಿನಗಳು. ಎಣ್ಣೆ ಸಿಗುವುದು ಕಷ್ಟವಾಗಿ, ಅವರು ಹಳೆಯ ಎಂಜಿನ್ ಕೊಟ್ಟುಬಿಟ್ಟು ಕರೆಂಟಿನ ಮೋಟಾರು ತಂದಿದ್ದರು. ಮೋಟಾರಿನ ಸ್ವಿಚ್ಚು, ಫ್ಯೂಸು ಎಲ್ಲ ಒಂದು ಹಲಗೆಯ ಮೇಲೆ ಬಟಾಬಯಲಾಗಿದ್ದವು. ಅದರ ಮೇಲೆ ಸದಾ ಬೆರಳು ದಪ್ಪ ಹಿಟ್ಟಿನ ಧೂಳು. ಹಲಗೆಯ ನೆತ್ತಿಯ ಮೇಲೆ ಮಿಲ್ಲು ನಡೆಸುವ ಕರಿಯಣ್ಣನ ಎಲೆಯಡಿಕೆ ಸಂಚಿ. ಒಂದು ದಿನ ಹಾಸನದಿಂದ ಎಲೆಕ್ಟ್ರಿಕ್ ಇನ್ಸ್‌ಪೆಕ್ಟರು ಬಂದರು. ಅವರು ನೋಡುತ್ತಿದ್ದ ಹಾಗೆಯೇ ಒಂದು ಹಲ್ಲಿ ಸ್ವಿಚ್ಚಿನ ಮೇಲೆ ಹರಿಯಿತು. ಚಟ್ ಎಂದಿತು. ಹಲ್ಲಿ ಹುರಿದುಹೋಗಿ, ಕೆಳಗಿದ್ದ ಯಾರದೋ ಹಿಟ್ಟಿನ ಡಬ್ಬದೊಳಗೆ ಬಿತ್ತು.

ಇನ್ಸ್‌ಪೆಕ್ಟರು ಡಬ್ಬವನ್ನು ನೋಡಿದರು. ಮಾವನನ್ನು ನೋಡಿದರು. "ಇದು ಜನ ತಿನ್ನೋ ಹಿಟ್ಟು ಕಣ್ರೀ ಯಜಮಾನ್ರೇ! ನಾನು ಮತ್ತೆ ಬರೋ ಹೊತ್ತಿಗೆ ಈ ಸ್ವಿಚ್ಚು ಶುಚಿಯಾದ, ಭದ್ರವಾದ ಪೆಟ್ಟಿಗೆಯೊಳಗೆ ಇರ್ಬೇಕು. ಇಲ್ದಿದ್ರೆ ಕಂಬದಲ್ಲೇ ಕರೆಂಟು ಕೀಳಿಸ್ತೀನಿ," ಎಂದರು.

ಮಾವ ಜಗುಲಿಗೆ ಬಂದು ಕುಸಿದರು. "ಎಂಜಿನ್ನೂ ಓಯ್ತು, ಈಗ ಕರೆಂಟೂ ಓದ್ರೆ ಮಿಲ್ಲಿಗೆ ಬೀಗ ಹಾಕಿ ನಾನು ಕಲ್ಲು ಕಾಯ್ಕಂಡು ಕೂತ್ಕಬೇಕು ಕಣವ್ವ," ಎಂದು ಮಗಳ ಮುಂದೆ ಗೋಳಾಡಿದರು.

"ಅಪ್ಪಾ, ಇವರು ಸೈನ್ಸ್ ಓದಿದಾರೆ. ಇವರಿಗೇ ಒಪ್ಪಿಸಿ," ಎಂದಳು ಪಾರ್ವತಿ. ಆ ವಾಕ್ಯವನ್ನು ತಾನು ಹೇಳಲೇ ಇಲ್ಲವೆಂದು ಅವಳು ಈಗ ವಾದಿಸುತ್ತಾಳೆ. ನನ್ನ ನೆನಪು ಈ ಒಂದು ವಿಷಯದಲ್ಲಿ ಸ್ಪಷ್ಟವಾಗಿದೆ.

ನಾನು ಕಾರ್ಯೋನ್ಮುಖನಾದೆ. ಹಿಟ್ಟು, ನೀರು, ಇಲಿ, ಇರುವೆ ಯಾವುದೂ ಒಳನುಗ್ಗಕೂಡದು: ಆದ್ದರಿಂದ ಹೊನ್ನೆ ಮರದ ಪೆಟ್ಟಿಗೆ, ಒಳಗೆಲ್ಲ ತಗಡು, ಬಾಗಿಲಿನ ಅಂಚಿಗೆ ಸೈಕಲ್ ಟ್ಯೂಬಿನ ರಬ್ಬರು. ಮೇಲೆ ಧೂಳು ನಿಲ್ಲಕೂಡದು, ಕರಿಯಣ್ಣನ ಸಂಚಿಯಂತೂ ಕೂಡದೇ ಕೂಡದು: ಆದ್ದರಿಂದ ಗುಡಿಸಲಿನಂತೆ ಇಳಿಜಾರು ಸೂರು. ಬಾಗಿಲು ಹಾಕುವುದನ್ನು ಯಾರೂ ಮರೆಯಕೂಡದು: ಆದ್ದರಿಂದ ತಳ್ಳಿದರೆ ಸಾಕು, ಸ್ಪ್ರಿಂಗಿನ ಬೀಗ ತಾನಾಗಿ ಕಟಕ್ಕನೆ ಬೀಳಬೇಕು, ಹೊರಗಿನಿಂದ ಕೀಲಿಯಿಲ್ಲದೆ ಬ್ರಹ್ಮನಿಗೂ ತೆರೆಯಬಾರದು. ಯಂತ್ರದ ಬೆಲ್ಟಿಗೂ ಯಾರೂ ಕೈ ಹಾಕದಂತೆ ಹಲಗೆಯ ಕವಚ ಹೊಡೆಸಿದೆ. ಯಾವುದನ್ನೂ ಅದೃಷ್ಟಕ್ಕೆ ಬಿಡಲಿಲ್ಲ!

ಚನ್ನರಾಯಪಟ್ಟಣದ ಬಡಗಿ ಪೆಟ್ಟಿಗೆಯನ್ನು ಚೆನ್ನಾಗಿಯೇ ಮಾಡಿದ. ಶುಚಿಗೆಂದು ಬಿಳಿಯ ಬಣ್ಣ ಬಳಿಸಿದೆ. ಇದ್ದಿಲ ಹೊಗೆಯಿಂದ ಓಡುವ ಬಸ್ಸಿನ ನೆತ್ತಿಯ ಮೇಲೆ ಅದನ್ನು ಕಟ್ಟಿ ತರುವಾಗ ದಾರಿಯಲ್ಲಿ ಜನ ಎದ್ದು ನಿಂತು ಕೈಮುಗಿದರು. ವಿಜ್ಞಾನಕ್ಕೆ ನಮ್ಮ ಜನ ಕೊಡುವ ಗೌರವ ಕಂಡು ನನ್ನ ಕಣ್ಣು ತೇವವಾಯಿತು. ಬಸ್ಸಿನಿಂದ ಇಳಿಸುವಾಗ ಒಬ್ಬ ಮುದುಕ ಕೇಳಿದ: "ಯಾವ ದ್ಯಾವ್ರ ಗೂಡು ಸಾ ಇದು?"

ನಾನು ಪೆಟ್ಟಿಗೆ ಹೊರಿಸಿಕೊಂಡು ಮುಂದೆ ನಡೆದೆ. ಅಜ್ಞಾನಿಗಳ ಜೊತೆ ವಾದವೇಕೆ?

ಇನ್ಸ್‌ಪೆಕ್ಟರು ಬರುವ ದಿನ ಬಂತು. ಅವರ ಬಸ್ಸು ತಡವಾಯಿತು. ಪೂಜೆಯ ಒಳ್ಳೆಯ ಗಳಿಗೆ ಮೀರಬಾರದೆಂದು ಮಾವ ಅವಸರ ಮಾಡಿದರು. ಮಿಲ್ಲನ್ನು ತೊಳೆದು, ಸ್ವಿಚ್ಚು, ಫ್ಯೂಸು ಒಳಗೆ ಕೂರಿಸಿದ್ದ ಪೆಟ್ಟಿಗೆಗೆ ವಿಭೂತಿ, ಕುಂಕುಮ, ಚೆಂಡು ಹೂವಿನ ಹಾರ ಎಲ್ಲ ಏರಿಸಿದ್ದಾಯಿತು. ನಾನು ಬಾಗಿಲು ತೆರೆದು, ನಾಲ್ಕು ಮಾತು ಭಾಷಣ ಮಾಡಿ, ಸ್ವಿಚ್ಚಿನ ಹಿಡಿ ಎಳೆದೆ. ಮೋಟಾರು ಗುರ್ ಎಂದಿತು. ಕಲ್ಲು ತಿರುಗಿತು. ಕರಿಯಣ್ಣ ರಾಗಿ ಸುರಿದ. ಮಾವ ನನ್ನ ಬೆನ್ನು ತಟ್ಟಿ, "ಗೆದ್ಬುಟ್ರಿ ಕಣಳೀಮಯ್ಯ!" ಎಂದರು. ಮದುವೆಯಾದ ಮೇಲೆ ಅವರು ನನ್ನ ಬೆನ್ನು ತಟ್ಟಿದ್ದು ಅದೇ ಮೊದಲು.

ನಾನು ಆ ಸುಖದಲ್ಲಿ ಮುಳುಗಿದ್ದಾಗ ಮಾವನ ತಾಯಿ, ಸಿದ್ದಮ್ಮಜ್ಜಿ, ಬಾಳೆಹಣ್ಣಿನ ರಸಾಯನದ ಬಟ್ಟಲನ್ನು ಪೆಟ್ಟಿಗೆಯೊಳಗಿನ ಮೂಲೆಯಲ್ಲಿಟ್ಟು, ಕೈಮುಗಿದು, ಬಾಗಿಲನ್ನು ಮೆಲ್ಲಗೆ ತಳ್ಳಿದರು.

ಕಟಕ್!

"ಅಜ್ಜೀ! ಬಾಗಿಲು ಯಾಕೆ ಹಾಕಿದಿರಿ?"

"ಇನ್ನೇನ್ಮಗಾ, ಎಡೆ ಇಟ್ಮೇಲೆ ಬಾಗ್ಲು ಹಾಕ್ಬ್ಯಾಡ್ವಾ? ಇಷ್ಟು ಜನ ಕಣ್ ಬುಟ್ಕಂಡು ನಿಂತಿದ್ರೆ ದ್ಯಾವ್ರು ಎಂಗುಂಡಾತು? ಅದ್ಕೂ ನಾಚ್ಕೆ ಆಗಾಕಿಲ್ವಾ? ಒಂದ್ಗಳಿಗೆ ತಡಿ, ಆಮ್ಯಾಕೆ ತಗುದ್ರಾಯ್ತು."

ಅಜ್ಜಿಯ ತರ್ಕದಲ್ಲಿ ದೋಷವಿರಲಿಲ್ಲ. ನಮ್ಮ ಮನೆಗಳಲ್ಲೆಲ್ಲ ಹಾಗೆಯೇ. ನಾನು ನಗುತ್ತ ಜೇಬಿಗೆ ಕೈ ಹಾಕಿದೆ. ಕೀಲಿ ಇರಲಿಲ್ಲ. ಇನ್ನೊಂದು ಜೇಬಿಗೆ ಹಾಕಿದೆ. ಅಲ್ಲೂ ಇರಲಿಲ್ಲ. ನಗು ನಿಂತಿತು.

"ಮಾವ, ಕೀಲಿ ನಿಮಗೆ ಕೊಟ್ಟೆನಲ್ಲ?"

"ನನ್ಗೆಲ್ಲಿ ಕೊಟ್ರಿ ಅಳೀಮಯ್ಯ?" ಎನ್ನುತ್ತಲೇ ಅವರು ವಿಭೂತಿಯ ಚೀಲ ಕೊಡವಿದರು. ಕರಿಯಣ್ಣನ ಸಂಚಿ ಜಾಲಾಡಿದೆವು. ಅಜ್ಜಿಯ ಸೆರಗಿನ ಗಂಟು ಬಿಚ್ಚಿಸಿದೆವು.

ಪಾರ್ವತಿ ಹತ್ತಿರ ಬಂದು, "ರೀ, ಎರಡು ಕೀಲೀನೂ ನೀವು ಪೆಟ್ಟಿಗೆಯೊಳಗೆ ಮೊಳೆಗೆ ನೇತು ಹಾಕಿದ್ದನ್ನ ನಾನೇ ನೋಡಿದೆ," ಎಂದಳು.

"ಅಸಾಧ್ಯ! ಕೀಲಿಯನ್ನು ಒಳಗಿಟ್ಟು ಬೀಗ ಹಾಕಲು ನಾನೇನು ಮೂರ್ಖನೆ? ಸಾಕ್ಷಿ ಏನಿದೆ?"

"ನನ್ನ ಕಣ್ಣಿದೆಯಲ್ಲ."

"ಕಣ್ಣು ಸಾಕ್ಷಿಯಲ್ಲ ಪಾರ್ವತಿ. ಕಣ್ಣು ಮೋಸ ಮಾಡುತ್ತೆ."

ಅಷ್ಟರಲ್ಲಿ ಕರಿಯಣ್ಣ ಕೂಗಿದ: "ಬುದ್ಧೀ, ರಾಗಿ ಮುಗೀತು! ಬರೀ ಕಲ್ಲು ತಿರುಗಿದ್ರೆ ಕಿಡಿ ಏಳ್ತದೆ!"

ಆಗ ಪರಿಸ್ಥಿತಿಯ ಪೂರ್ಣ ವೈಭವ ನನಗೆ ಗೋಚರಿಸಿತು. ಮಿಲ್ಲನ್ನು ನಿಲ್ಲಿಸುವ ಸ್ವಿಚ್ಚು ಪೆಟ್ಟಿಗೆಯೊಳಗೆ. ಫ್ಯೂಸು ಪೆಟ್ಟಿಗೆಯೊಳಗೆ. ಬೆಲ್ಟನ್ನು ಕೋಲಿನಿಂದ ತಳ್ಳಿ ಬೀಳಿಸೋಣವೆಂದರೆ ಅದಕ್ಕೆ ಕವಚ. ಕರಿಯಣ್ಣ ಹಾರೆ ಎತ್ತಿಕೊಂಡ. "ಒಳ್ಗೆ ಕರೆಂಟೈತೆ ಕಣ್ಲಾ, ಸತ್ಗಿತ್ತೀಯ!" ಎಂದು ಮಾವ ಅವನ ಕೈ ಹಿಡಿದರು. ಕಲ್ಲುಗಳು ಬರಿದೇ ಉಜ್ಜಿ ಹಾಳಾಗಬಾರದೆಂದರೆ ಒಂದೇ ದಾರಿ. ಏನಾದರೂ ಸುರಿಯುತ್ತಲೇ ಇರಬೇಕು!

ಮಾವ ಬೀದಿಗೆ ಓಡಿ ಕೂಗಿದರು: "ಬನ್ರಪ್ಪೋ! ಇವತ್ತು ಬೀಸೋ ಕೂಲಿ ಇಲ್ಲ! ಏನಿದ್ರೂ ತನ್ನಿ!"

ಹೊಳೆನರಸೀಪುರದ ಜನ ಉದಾರಿಗಳು. ಏನಿದ್ದರೂ ತಂದರು. ರಾಗಿ ತಂದರು, ಅಕ್ಕಿ ತಂದರು, ಹುರುಳಿ ತಂದರು. ಸಾಲು ಕಾಯುವ ವ್ಯವಧಾನ ಕಲ್ಲಿಗಿರಲಿಲ್ಲ. ಕರಿಯಣ್ಣ ಕೈಗೆ ಸಿಕ್ಕಿದ್ದನ್ನೆಲ್ಲ ಸುರಿದ. ರಾಗಿ ತಂದವರಿಗೆ ಹುರುಳಿ ಹಿಟ್ಟು, ಹುರುಳಿ ತಂದವರಿಗೆ ಎರಡೂ ಅಲ್ಲದ ಮೂರನೆಯದು. ಜಗಳ ಹತ್ತಿಕೊಂಡಿತು. ಆ ಗದ್ದಲದಲ್ಲಿ ಯಾರೋ ಪುಣ್ಯಾತ್ಗಿತ್ತಿ ಕೊಟ್ಟ ಮೊರವನ್ನು ನಾನೇ ಕೈಯಾರೆ ತೆಗೆದುಕೊಂಡು ಸುರಿದೆ. ಒಣಮೆಣಸಿನಕಾಯಿ!

ಇನ್ಸ್‌ಪೆಕ್ಟರು ಒಳಗೆ ಕಾಲಿಟ್ಟಿದ್ದು ಆಗಲೇ. ಕೆಂಪು ಮೋಡದೊಳಗೆ ಊರಿಗೆ ಊರೇ ಸೀನುತ್ತಿತ್ತು. ನಾನು ಕಣ್ಣೀರು ಸುರಿಸುತ್ತ ಮುಂದೆ ಹೋಗಿ, "ಸ್ವಾಮೀ, ಇದೇ ಆ ಶುಚಿಯಾದ... ಆಕ್ಷೀ!" ಎಂದೆ.

ಅವರು ಕರವಸ್ತ್ರ ಮುಚ್ಚಿಕೊಂಡು, ಹಾರ ಹಾಕಿದ ಪೆಟ್ಟಿಗೆಯನ್ನೂ ಸೀನುತ್ತಿದ್ದ ಜನರನ್ನೂ ಒಂದು ಗಳಿಗೆ ದಿಟ್ಟಿಸಿದರು. ನಂತರ ಹೊರಗೆ ಹೋಗಿ, ಜೊತೆಗಿದ್ದ ಲೈನ್‌ಮನ್ನನಿಗೆ ಕಂಬ ತೋರಿಸಿದರು.

ಕರೆಂಟು ಕಿತ್ತರು.

ಕಲ್ಲು ನಿಂತಿತು. ಯಾವ ದಿನ ಬಾರದಿರಲೆಂದು ಮಾವ ನಿದ್ದೆಗೆಟ್ಟಿದ್ದರೋ ಆ ದಿನ ಅವರೇ ಇನ್ಸ್‌ಪೆಕ್ಟರಿಗೆ ಕೈಮುಗಿದು, "ಒಳ್ಳೆ ಹೊತ್ಗೆ ಕಿತ್ರಿ ಸಾ, ಬದುಕುಸ್ಬುಟ್ರಿ!" ಎಂದರು.

ಈಗ ಕರಿಯಣ್ಣನಿಗೆ ಹಾರೆ ಹಾಕಲು ಅಡ್ಡಿಯಿರಲಿಲ್ಲ. ನನ್ನ ಬೀಗ ಸುಲಭಕ್ಕೆ ಬಗ್ಗಲಿಲ್ಲವೆಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಕೊನೆಗೆ ಬಾಗಿಲು ತೆರೆಯಿತು. ಒಳಗೆ ಮೊಳೆಯಲ್ಲಿ ಎರಡು ಕೀಲಿಗಳೂ ಜೋಡಿಯಾಗಿ ಹೊಳೆಯುತ್ತ ನೇತಾಡುತ್ತಿದ್ದವು. ಕೆಳಗೆ ರಸಾಯನದ ಬಟ್ಟಲು. ಬಟ್ಟಲಿನ ಸುತ್ತ ಸಾಲುಗಟ್ಟಿ ಇರುವೆ!

ಪಾರ್ವತಿ ನನ್ನ ಕಡೆ ನೋಡಿ ಒಂದೇ ಮಾತು ಹೇಳಿದಳು. "ಸಾಕ್ಷಿ."

ಇನ್ಸ್‌ಪೆಕ್ಟರು ಪೆಟ್ಟಿಗೆಯನ್ನು ತಟ್ಟಿ, ರಬ್ಬರು ಮುಟ್ಟಿ, ಇಳಿಜಾರು ಸೂರನ್ನು ಸವರಿ ನೋಡಿದರು. "ಕೆಲಸ ಬಹಳ ಚೆನ್ನಾಗಿದೆ. ಆದರೆ ಸ್ವಿಚ್ಚಿನ ಹಿಡಿಯನ್ನ ಪೆಟ್ಟಿಗೆಯಿಂದ ಹೊರಗೆ ಯಾಕೆ ಬಿಡಲಿಲ್ಲ?"

ಅದಕ್ಕೆ ಬಲವಾದ ವೈಜ್ಞಾನಿಕ ಕಾರಣವೊಂದಿತ್ತು. ಏನೆಂದು ನೆನಪಾಗಲಿಲ್ಲ.

ಮಾವ ಹಾಸನದಿಂದ ಹಿಡಿ ಹೊರಗಿರುವ ಕಬ್ಬಿಣದ ಪೆಟ್ಟಿಗೆಯೊಂದನ್ನು ತರಿಸಿದರು. ಕರೆಂಟು ಮರಳಿ ಬಂತು, ಮಿಲ್ಲು ನಡೆಯಿತು. ನನ್ನ ಪೆಟ್ಟಿಗೆಯನ್ನು ಅಜ್ಜಿ ಒಂದು ಮಾತೂ ಕೇಳದೆ ದೇವರ ಮನೆಗೆ ಸಾಗಿಸಿದರು. ಬಸ್ಸಿನ ಬಳಿ ಆ ಮುದುಕ ಕೇಳಿದ್ದಕ್ಕೆ ಉತ್ತರ ಸಿಕ್ಕಿತು. ಈಗಲೂ ದಿನಾ ಅದರೊಳಗೆ ಎಡೆ ಇಟ್ಟು ಬಾಗಿಲು ಹಾಕುತ್ತಾರೆ. ಸ್ಪ್ರಿಂಗಿನ ಬೀಗವನ್ನು ಮಾತ್ರ ಮೊದಲ ದಿನವೇ ಕೀಳಿಸಿದರು.

"ದ್ಯಾವ್ರು ಒಳ್ಗೆ ಸಿಕ್ಕಾಕ್ಕಂಡ್ರೆ," ಎಂದರು ಅಜ್ಜಿ, "ಅಳೀಮಯ್ಯನ್ನ ನಂಬ್ಕಂಡು ಕೂತ್ಕಳಾಕಾಯ್ತದಾ?"